ಕುಂಡವಿಲ್ಲದ ಸಸಿಯ ಚರಿತ್ರೆ

ಸಸಿ ಬೆಳೆಸಬೇಕಾದರೆ ಮೊದಲು ಒಂದು ಪಾತ್ರೆ ಬೇಕು ಎಂಬುದನ್ನು ನಾವು ಈಗ ಪ್ರಶ್ನಿಸುವುದೇ ಇಲ್ಲ. ಮಣ್ಣಿನ ಕುಂಡವೋ, ಕಪ್ಪು ಪ್ಲಾಸ್ಟಿಕ್ ಚೀಲವೋ, ತೂತುಗಳಿರುವ ತಟ್ಟೆಯೋ, ಯಾವುದಾದರೂ ಒಂದು ಇರಲೇಬೇಕು. ಬೆಂಗಳೂರಿನಲ್ಲಿ ತಾರಸಿತೋಟ ಮಾಡಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಇತ್ತೀಚೆಗೆ ದೂರವಾಣಿಯಲ್ಲಿ ಮಾತನಾಡುತ್ತ, "ಸರ್, ಕುಂಡವೇ ಇಲ್ಲದೆ ಮಣ್ಣನ್ನು ಅಚ್ಚಿಗೆ ಒತ್ತಿ ಅದರಲ್ಲೇ ಸಸಿ ಮಾಡುವ ಹೊಸ ಅಮೆರಿಕನ್ ವಿಧಾನವೊಂದು ಬಂದಿದೆಯಂತೆ, ನಿಮಗೆ ಗೊತ್ತೆ?" ಎಂದು ಕೇಳಿದರು. ಅಮೆರಿಕ ಎಂಬ ಮಾತು ಸರಿ, ಹೊಸದು ಎಂಬ ಮಾತು ಮಾತ್ರ ಸರಿಯಲ್ಲ ಎಂದು ಚುಟುಕಾಗಿ ಉತ್ತರಿಸಿದೆ. ಮೂವತ್ತು ವರ್ಷ ಚರಿತ್ರೆ ಪಾಠ ಹೇಳಿದವನಿಗೆ ಚುಟುಕು ಉತ್ತರ ಕೊಟ್ಟರೆ ರಾತ್ರಿ ನಿದ್ರೆ ಬರುವುದಿಲ್ಲ ಎಂಬುದು ನಿಮಗೆಲ್ಲ ತಿಳಿದದ್ದೇ. ಆದ್ದರಿಂದ ಈ ದೀರ್ಘ ಉತ್ತರ.

ಮೊದಲು ವಸ್ತುವೇನೆಂದು ಹೇಳಿಬಿಡುತ್ತೇನೆ. ಗೊಬ್ಬರ, ನಾರು ಮತ್ತು ಮಣ್ಣನ್ನು ನೀರಿನಲ್ಲಿ ಚೆನ್ನಾಗಿ ಕಲಸಿ, ಚೌಕನೆಯ ಅಚ್ಚಿನಲ್ಲಿ ಒತ್ತಿ ಹೊರಕ್ಕೆ ತಳ್ಳಿದರೆ ಒಂದು ಘನಾಕೃತಿ ದೊರೆಯುತ್ತದೆ. ಅಚ್ಚು ಬೆಲ್ಲವನ್ನು ನೋಡಿದವರಿಗೆ ಇನ್ನೇನೂ ವಿವರಿಸಬೇಕಾಗಿಲ್ಲ. ಅದರ ನೆತ್ತಿಯ ಮೇಲಿನ ಸಣ್ಣ ಗುಳಿಯಲ್ಲಿ ಬೀಜ ಬೀಳುತ್ತದೆ. ಅಚ್ಚುಗಳನ್ನು ಒಂದರ ಪಕ್ಕ ಒಂದರಂತೆ ಸ್ವಲ್ಪ ಸಂದು ಬಿಟ್ಟು ಜೋಡಿಸುತ್ತಾರೆ. ಸಸಿ ಬೆಳೆದ ಮೇಲೆ ಅಚ್ಚಿನ ಸಮೇತ ಭೂಮಿಗೆ ಇಳಿಸುತ್ತಾರೆ. ಬಿಚ್ಚುವ ಚೀಲವಿಲ್ಲ, ಒಡೆಯುವ ಕುಂಡವಿಲ್ಲ. ಮಣ್ಣೇ ಪಾತ್ರೆ, ಮಣ್ಣೇ ಆಹಾರ.

ಈ ವಿದ್ಯೆಯ ಅತ್ಯಂತ ಪರಿಪೂರ್ಣವಾದ ಹಳೆಯ ರೂಪವನ್ನು ನೋಡಬೇಕಾದರೆ ಮೆಕ್ಸಿಕೋ ಕಣಿವೆಗೆ ಹೋಗಬೇಕು. ನಮ್ಮ ಕೃಷ್ಣದೇವರಾಯ 1520ರಲ್ಲಿ ರಾಯಚೂರನ್ನು ಗೆದ್ದ ಆಸುಪಾಸಿನ ಕಾಲವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. 1519ರ ನವೆಂಬರ್‌ನಲ್ಲಿ ಹರ್ನಾನ್ ಕೊರ್ಟೆಸ್ ಎಂಬ ಸ್ಪೇನಿನ ಸಾಹಸಿ ತನ್ನ ಸಣ್ಣ ಸೈನ್ಯದೊಡನೆ ಅಜ್ಟೆಕರ ರಾಜಧಾನಿ ತೆನೊಚ್ಟಿಟ್ಲಾನನ್ನು ಪ್ರವೇಶಿಸಿದ. ಪಠ್ಯಪುಸ್ತಕದ 'ಭೌಗೋಳಿಕ ಅನ್ವೇಷಣೆಗಳು' ಎಂಬ ಪಾಠದಲ್ಲಿ ಈ ಸಂಗತಿ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತಿತ್ತು. ಆ ಒಂದು ವಾಕ್ಯದ ಹಿಂದೆ ಸರೋವರದ ನಡುವೆ ನಿಂತಿದ್ದ ಒಂದು ಮಹಾನಗರವಿತ್ತು. ಅಲ್ಲಿ ಒಂದೂವರೆಯಿಂದ ಎರಡು ಲಕ್ಷ ಜನರಿದ್ದರೆಂದು ಹಲವು ವಿದ್ವಾಂಸರ ಅಂದಾಜು. ಅಂದಿನ ಯೂರೋಪಿನಲ್ಲಿ ಅಷ್ಟು ದೊಡ್ಡ ನಗರಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಕೊರ್ಟೆಸನ ಜೊತೆಗಿದ್ದ ಬರ್ನಾಲ್ ಡಿಯಾಸ್ ಎಂಬ ಸೈನಿಕ ಮುದಿವಯಸ್ಸಿನಲ್ಲಿ ಬರೆದ ನೆನಪುಗಳಲ್ಲಿ, ನೀರಿನಿಂದ ಎದ್ದು ನಿಂತ ಆ ಊರುಗಳನ್ನು ಕಂಡು ಇದೆಲ್ಲ ಕನಸೇ ಎಂದು ಸೈನಿಕರು ಬೆರಗಾದುದನ್ನು ದಾಖಲಿಸಿದ್ದಾನೆ.

ಎತ್ತಿಲ್ಲ, ಕುದುರೆಯಿಲ್ಲ, ನೇಗಿಲಿಲ್ಲ, ಚಕ್ರದ ಗಾಡಿಯಿಲ್ಲ. ಆದರೂ ಆ ನಗರ ಉಣ್ಣುತ್ತಿತ್ತು. ಅನ್ನದ ಬಹುಭಾಗ ದಕ್ಷಿಣದ ಸೊಚಿಮಿಲ್ಕೊ ಮತ್ತು ಚಾಲ್ಕೊ ಸರೋವರಗಳಿಂದ ದೋಣಿಗಳಲ್ಲಿ ಬರುತ್ತಿತ್ತು. ಸೊಚಿಮಿಲ್ಕೊ ಎಂದರೆ ನಾವಾಟ್ಲ್ ಭಾಷೆಯಲ್ಲಿ ಹೂವಿನ ಹೊಲಗಳ ಊರು. ಆಳವಿಲ್ಲದ ಆ ಸಿಹಿನೀರಿನ ಜೌಗಿನಲ್ಲಿ ಜನರು ಕಾಲುವೆ ತೋಡಿ, ತೆಗೆದ ಕೆಸರನ್ನೂ ಜಲಸಸ್ಯಗಳನ್ನೂ ಪದರ ಪದರವಾಗಿ ಒಟ್ಟಿ, ಉದ್ದುದ್ದನೆಯ ಕೃತಕ ದ್ವೀಪಗಳನ್ನು ನಿರ್ಮಿಸಿದ್ದರು. ಅಂಚು ಕುಸಿಯದಿರಲೆಂದು ಅವೆಹೋಟೆ ಎಂಬ ಒಂದು ಬಗೆಯ ವಿಲ್ಲೋ ಮರವನ್ನು ಸಾಲಾಗಿ ನೆಡುತ್ತಿದ್ದರು. ಈ ದ್ವೀಪಹೊಲಗಳಿಗೆ ಚಿನಾಂಪಾ ಎಂದು ಹೆಸರು. ಪ್ರವಾಸಿ ಕಥೆಗಳಲ್ಲಿ ಇವನ್ನು 'ತೇಲುವ ತೋಟ' ಎಂದು ಬರೆಯುತ್ತಾರೆ. ಅವು ತೇಲುವುದಿಲ್ಲ, ನೆಲಕ್ಕೆ ಭದ್ರವಾಗಿ ಊರಿ ನಿಂತಿವೆ. ಇಂತಹ ಸುಂದರ ಸುಳ್ಳುಗಳನ್ನು ತಿದ್ದುವುದು ಮೇಷ್ಟ್ರುಗಳ ಪೂರ್ವಜನ್ಮದ ಕರ್ಮವಿರಬೇಕು.

ಚಿನಾಂಪಾ ಬಗ್ಗೆ ಅನೇಕರು ಬರೆದಿದ್ದಾರೆ. ಆದರೆ ಅದರ ಹೃದಯವಿರುವುದು ಹೊಲದಲ್ಲಲ್ಲ, ಹೊಲದ ಒಂದು ಮೂಲೆಯ ಸಸಿಮಡಿಯಲ್ಲಿ ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಪುರಾತತ್ವಜ್ಞ ಮೈಕೆಲ್ ಕೋ 1964ರಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಬರೆದ ಲೇಖನದಿಂದ ಹೊರಜಗತ್ತಿನ ಅನೇಕರಿಗೆ ಈ ಪದ್ಧತಿಯ ಪರಿಚಯವಾಯಿತು. ತೆರೆಸಾ ರೋಹಾಸ್ ರಾಬಿಯೆಲಾ ಎಂಬ ಮೆಕ್ಸಿಕೋದ ವಿದುಷಿ ಇದರ ಚರಿತ್ರೆಗೆ ತಮ್ಮ ಜೀವಮಾನದ ಬಹುಭಾಗವನ್ನು ಮುಡಿಪಾಗಿಟ್ಟಿದ್ದಾರೆ.

ಕ್ರಮ ಹೀಗಿದೆ. ಕಾಲುವೆಯ ಅಂಚಿನಲ್ಲಿ ಒಂದು ಪಾತಿಯನ್ನು ಸಮತಟ್ಟು ಮಾಡಿ ಅದರ ಮೇಲೆ ಜಲಸಸ್ಯಗಳನ್ನು ಹಾಸುತ್ತಾರೆ. ರೈತ ದೋಣಿಯಲ್ಲಿ ನಿಂತು, ಉದ್ದ ಕೋಲಿನ ತುದಿಗೆ ಕಟ್ಟಿದ ಚೀಲದಿಂದ ಕಾಲುವೆಯ ತಳದ ಕಪ್ಪು ಕೆಸರನ್ನು ಮೊಗೆದು ತಂದು ಆ ಹಾಸಿನ ಮೇಲೆ ಕೆಲವು ಅಂಗುಲ ದಪ್ಪಕ್ಕೆ ಸುರಿದು ನಯಮಾಡುತ್ತಾನೆ. ಒಂದೆರಡು ದಿನ ಕಳೆದು ಕೆಸರು ಇತ್ತ ನೀರೂ ಅಲ್ಲ ಅತ್ತ ಗಟ್ಟಿಯೂ ಅಲ್ಲ ಎಂಬ ಹದಕ್ಕೆ ಬಂದಾಗ ಅದನ್ನು ಚೌಕ ಚೌಕವಾಗಿ ಕತ್ತರಿಸುತ್ತಾನೆ. ತಟ್ಟೆಗೆ ಸುರಿದ ಮೈಸೂರುಪಾಕನ್ನು ಆರುವ ಮೊದಲೇ ಗೆರೆ ಎಳೆದು ಕೊಯ್ಯುತ್ತೇವಲ್ಲ, ಹಾಗೆಯೇ. ತಡಮಾಡಿದರೆ ಒಡೆಯುತ್ತದೆ, ಅವಸರಪಟ್ಟರೆ ಮತ್ತೆ ಕೂಡಿಕೊಳ್ಳುತ್ತದೆ. ಪ್ರತಿಯೊಂದು ಚೌಕಕ್ಕೂ ಚಾಪಿನ್ ಎಂದು ಹೆಸರು. ಬೆರಳಿನಿಂದಲೋ ಕಡ್ಡಿಯಿಂದಲೋ ಅದರಲ್ಲಿ ಗುಳಿ ಮಾಡಿ ಬೀಜ ಹಾಕಿ, ಪುಡಿಗೊಬ್ಬರದಿಂದ ಮುಚ್ಚುತ್ತಾರೆ. ಆ ಕಣಿವೆ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವುದರಿಂದ ಚಳಿಗಾಲದಲ್ಲಿ ಇಬ್ಬನಿ ಹೆಪ್ಪುಗಟ್ಟುತ್ತದೆ. ಆಗ ಜೊಂಡಿನ ಚಾಪೆಯನ್ನೋ ಜೋಳದ ದಂಟನ್ನೋ ಹೊದಿಸಿ ಎಳೆಯ ಸಸಿಗಳನ್ನು ಕಾಪಾಡುತ್ತಾರೆ. ಸಸಿ ಬಲಿತ ಮೇಲೆ ಚಾಪಿನ್‌ಗಳನ್ನು ಎತ್ತಿ ದೋಣಿಗೆ ತುಂಬಿ ಹೊಲಕ್ಕೆ ಒಯ್ಯುತ್ತಾರೆ.

ಇದರಿಂದ ಏನು ಲಾಭವೆಂದು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಹೊಲದಲ್ಲಿ ಒಂದು ಬೆಳೆ ಕೊಯ್ಲಿಗೆ ಕಾಯುತ್ತಿರುವಾಗಲೇ ಮುಂದಿನ ಬೆಳೆಯ ಸಸಿಗಳು ಅಂಗೈ ಅಗಲದ ಜಾಗದಲ್ಲಿ ತಿಂಗಳ ವಯಸ್ಸು ಮುಗಿಸಿರುತ್ತವೆ. ಒಂದನ್ನು ಕಿತ್ತ ದಿನವೇ ಇನ್ನೊಂದನ್ನು ಇಳಿಸಬಹುದು. ಭೂಮಿ ಒಂದು ವಾರವೂ ಬರಿದಾಗಿರುವುದಿಲ್ಲ. ಬೇರು ಕದಲದೆ ಬಂದ ಸಸಿ ಬಾಡದೆ ನಿಲ್ಲುವುದರಿಂದ ವರ್ಷಕ್ಕೆ ಹಲವು ಬೆಳೆ ಸಾಧ್ಯವಾಗುತ್ತದೆ. ಸಾಮ್ರಾಜ್ಯಗಳ ಚರಿತ್ರೆಯನ್ನು ಬರೆಯುವವರು ದೇವಾಲಯ, ಬಲಿಪೀಠ, ಯುದ್ಧಗಳನ್ನು ವಿಸ್ತಾರವಾಗಿ ವರ್ಣಿಸುತ್ತಾರೆ. ಅವುಗಳನ್ನು ಹೊತ್ತು ನಿಂತಿದ್ದುದು ಕೈಯಲ್ಲಿ ಹಿಡಿಯಬಹುದಾದ ಈ ಕೆಸರಿನ ತುಂಡು ಎಂಬ ಮಾತನ್ನು ಯಾರೂ ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ.

1521ರ ಆಗಸ್ಟ್ 13ರಂದು ತೆನೊಚ್ಟಿಟ್ಲಾನ್ ಬಿದ್ದಿತು. ಗೆದ್ದವರಿಗೆ ಸರೋವರ ಶತ್ರುವಿನಂತೆ ಕಂಡಿತು. ಪ್ರವಾಹಕ್ಕೆ ಅಂಜಿ 1607ರಲ್ಲಿ ಎನ್ರಿಕೊ ಮಾರ್ಟಿನೆಸ್ ಎಂಬಾತನ ನೇತೃತ್ವದಲ್ಲಿ ಕಣಿವೆಯ ನೀರನ್ನು ಹೊರಹಾಕುವ ಕೆಲಸ ಆರಂಭಿಸಿದರು. 1629ರ ಮಹಾಪೂರದಲ್ಲಿ ನಗರ ಐದು ವರ್ಷಗಳ ಕಾಲ ನೀರಿನಲ್ಲಿ ನಿಂತಿತು. ಆದರೂ ಸರೋವರ ಬರಿದು ಮಾಡುವ ಹಠ ಬಿಡಲಿಲ್ಲ. 1900ರಲ್ಲಿ ಅಧ್ಯಕ್ಷ ಪೊರ್ಫಿರಿಯೊ ಡಿಯಾಸ್ ಮಹಾಕಾಲುವೆಯನ್ನು ಉದ್ಘಾಟಿಸಿದ. ಅನಂತರ ಸೊಚಿಮಿಲ್ಕೊದ ಒರತೆಗಳ ನೀರನ್ನೂ ಕೊಳವೆಗಳಲ್ಲಿ ನಗರಕ್ಕೆ ಒಯ್ದರು. ಇಷ್ಟೆಲ್ಲ ಆದರೂ ದಕ್ಷಿಣದ ಮೂಲೆಯೊಂದರಲ್ಲಿ ಚಾಪಿನ್ ಕತ್ತರಿಸುವ ಕೈಗಳು ಉಳಿದುಕೊಂಡವು. ಅದಕ್ಕೇ ಮೈಕೆಲ್ ಕೋ ಅವರಿಗೆ ಅದನ್ನು ಕಣ್ಣಾರೆ ಕಂಡು ಬರೆಯಲು ಸಾಧ್ಯವಾಯಿತು.

ಇಲ್ಲಿ ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಒಂದು ವಿಷಯವನ್ನು ಹೇಳಬೇಕು. ಮೆಣಸಿನಕಾಯಿ, ಮೆಕ್ಕೆಜೋಳ, ಟೊಮೆಟೊ, ಚೆಂಡುಹೂವು ಇವೆಲ್ಲ ಅಮೆರಿಕ ಖಂಡದಿಂದ ಯೂರೋಪಿಯನ್ನರ ಹಡಗುಗಳ ಮೂಲಕ ನಮ್ಮಲ್ಲಿಗೆ ಬಂದವು. ಬ್ಯಾಡಗಿಯ ಮೆಣಸಿನಕಾಯಿ ಇಲ್ಲದ ನಮ್ಮ ಸಾರನ್ನು, ಚೆಂಡುಹೂವಿಲ್ಲದ ನಮ್ಮ ದಸರೆಯನ್ನು ಊಹಿಸಿಕೊಳ್ಳಲಾಗದು. ಆದರೆ ಆ ಗಿಡಗಳನ್ನು ಎಳವೆಯಲ್ಲಿ ಸಾಕುತ್ತಿದ್ದ ವಿದ್ಯೆ ಮಾತ್ರ ಹಡಗು ಹತ್ತಲಿಲ್ಲ. ಬೀಜ ವ್ಯಾಪಾರದ ಸರಕು, ಜೇಬಿನಲ್ಲಿ ಹಿಡಿಯುತ್ತದೆ. ಕೈಯ ಹದವನ್ನು ಒಯ್ಯಬೇಕಾದರೆ ಆ ಕೈಯವನನ್ನೇ ಗೌರವದಿಂದ ಕರೆದುಕೊಂಡು ಬರಬೇಕು. ಗೆದ್ದವನು ಸೋತವನ ತೋಟಗಾರನನ್ನು ಗುರುವೆಂದು ಒಪ್ಪುವುದು ಚರಿತ್ರೆಯಲ್ಲಿ ಬಲು ಅಪರೂಪ.

ನಮ್ಮಲ್ಲಿ ಏನಿತ್ತು? ಒಟ್ಲು ಪಾತಿಯಲ್ಲಿ ಒತ್ತಾಗಿ ಬೀಜ ಚೆಲ್ಲಿ, ಬೆಳೆದ ಅಗೆಯನ್ನು ಕಿತ್ತು ಕಟ್ಟು ಕಟ್ಟಿ ಸಂಜೆಯ ತಂಪಿನಲ್ಲಿ ನಾಟಿ ಮಾಡುವ ಕ್ರಮವಿತ್ತು. ಭತ್ತಕ್ಕೆ, ರಾಗಿಗೆ ಅದು ಒಗ್ಗುತ್ತದೆ. ಬದನೆ, ಮೆಣಸಿನ ಸಸಿಗಳು ಮೂರು ನಾಲ್ಕು ದಿನ ತಲೆ ಬಾಗಿಸಿಕೊಂಡು ನಿಲ್ಲುತ್ತವೆ. ಕೀಳುವಾಗ ಕೂದಲಿನಂತಹ ಎಳೆಬೇರುಗಳು ಹರಿದುಹೋಗುವುದೇ ಇದಕ್ಕೆ ಕಾರಣ. ಅಡಿಕೆಯಂತಹ ಬೆಲೆಬಾಳುವ ಸಸಿಯನ್ನು ಮಣ್ಣಿನ ಹೆಂಟೆ ಸಮೇತ ಎಬ್ಬಿಸುತ್ತಿದ್ದರು. ಕೊಡಗಿನ ಕಾಫಿ ತೋಟಗಳಲ್ಲಿ ಬಿದಿರಿನ ಸಣ್ಣ ಬುಟ್ಟಿಗಳು ಬಳಕೆಯಲ್ಲಿದ್ದವು. ವರಾಹಮಿಹಿರನ ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಅಧ್ಯಾಯದಲ್ಲಿ, ಸ್ಥಳ ಬದಲಿಸುವ ಗಿಡಕ್ಕೆ ಬುಡದಿಂದ ಕಾಂಡದವರೆಗೆ ತುಪ್ಪ, ಲಾಮಂಚ, ಎಳ್ಳು, ಜೇನು, ವಾಯುವಿಳಂಗ, ಹಾಲು ಮತ್ತು ಸಗಣಿಯ ಲೇಪನ ಹೇಳಿದೆ. ಕ್ರಿ.ಶ. 1025ರ ಚಾವುಂಡರಾಯನ 'ಲೋಕೋಪಕಾರ'ದಲ್ಲಿಯೂ ಕನ್ನಡದಲ್ಲೇ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯ ಮೀಸಲಾಗಿದೆ. ಆದರೆ ಲೇಪನ ಬೇರೆ, ಅಚ್ಚು ಬೇರೆ. ಎಲ್ಲವೂ ಮೊದಲು ನಮ್ಮಲ್ಲೇ ಇತ್ತು ಎಂದು ಹೇಳುವ ಚಟ ಈಗ ಹೆಚ್ಚಾಗಿದೆ. ನನ್ನ ವಿದ್ಯಾರ್ಥಿಗಳಾದರೂ ಆ ಸಾಲಿನಲ್ಲಿ ನಿಲ್ಲಬಾರದೆಂಬುದು ನನ್ನ ಆಸೆ.

ಯೂರೋಪಿಗೆ ಈ ಉಪಾಯ ತೀರ ತಡವಾಗಿ, ಬೇರೊಂದು ದಾರಿಯಿಂದ ಒದಗಿತು. 1930ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಇನ್ಸ್ ತೋಟಗಾರಿಕಾ ಸಂಸ್ಥೆಯಲ್ಲಿ ಲಾರೆನ್ಸ್ ಮತ್ತು ನ್ಯೂವೆಲ್ ಎಂಬ ಇಬ್ಬರು ಸಸಿಯ ಮಣ್ಣಿಗೆ ಖಚಿತವಾದ ಪ್ರಮಾಣವನ್ನು ಗೊತ್ತುಮಾಡಿದರು. ಬೀಜ ಬಿತ್ತುವ ಮಿಶ್ರಣಕ್ಕೆ ಎರಡು ಪಾಲು ಒಳ್ಳೆಯ ಮಣ್ಣು, ಒಂದು ಪಾಲು ಪೀಟ್, ಒಂದು ಪಾಲು ಮರಳು. ಅದುವರೆಗೆ ಪ್ರತಿಯೊಬ್ಬ ಮಾಲಿಯೂ ತನ್ನದೇ ಗುಟ್ಟಿನ ಪಾಕವನ್ನು ಕಾಪಾಡಿಕೊಂಡಿದ್ದ. ಮಿಶ್ರಣದ ಗುಣ ಹೀಗೆ ನಿಶ್ಚಯವಾದ ಮೇಲೆ ಅದನ್ನು ಅಚ್ಚಿಗೆ ಒತ್ತುವ ಯಂತ್ರಗಳು 1940ರ ದಶಕದಲ್ಲಿ ಬಳಕೆಗೆ ಬಂದವು. ಹಾಲೆಂಡಿನ ಬೆಳೆಗಾರರು ಪೀಟ್ ಅಚ್ಚುಗಳಲ್ಲಿ ಲೆಟ್ಯೂಸ್ ಸಸಿಗಳನ್ನು ಬೃಹತ್ ಪ್ರಮಾಣದಲ್ಲಿ ಬೆಳೆಸತೊಡಗಿದರು. ಅಮೆರಿಕದಲ್ಲಿ ಇದಕ್ಕೆ ಪ್ರಚಾರ ಕೊಟ್ಟವರಲ್ಲಿ ಮುಖ್ಯರು ಎಲಿಯಟ್ ಕೋಲ್ಮನ್. ಅವರು 1968ರಲ್ಲಿ ಮೇಯ್ನ್ ರಾಜ್ಯದಲ್ಲಿ, ಸರಳ ಜೀವನಕ್ಕೆ ಹೆಸರಾದ ಹೆಲೆನ್ ಮತ್ತು ಸ್ಕಾಟ್ ನಿಯರಿಂಗ್ ದಂಪತಿಗಳಿಂದ ಭೂಮಿ ಕೊಂಡು ಕೃಷಿಗಿಳಿದರು. ಯೂರೋಪಿನ ಸಣ್ಣ ತೋಟಗಳನ್ನು ಸುತ್ತಿ ನೋಡಿ ಬಂದರು. 1989ರಲ್ಲಿ ಪ್ರಕಟವಾದ ಅವರ 'ದಿ ನ್ಯೂ ಆರ್ಗ್ಯಾನಿಕ್ ಗ್ರೋವರ್' ಪುಸ್ತಕದಲ್ಲಿ ಈ ಅಚ್ಚುಗಳಿಗೆ ಒಂದು ಅಧ್ಯಾಯವೇ ಇದೆ. ಮುಕ್ಕಾಲು ಅಂಗುಲದ ಅಚ್ಚಿನಲ್ಲಿ ಮೊಳೆತ ಸಸಿಯನ್ನು ಎರಡು ಅಂಗುಲದ ಅಚ್ಚಿನ ಗುಳಿಯೊಳಗೆ, ಅದನ್ನು ಮತ್ತೆ ನಾಲ್ಕು ಅಂಗುಲದ್ದರೊಳಗೆ ಕೂರಿಸುವ ಕ್ರಮ ಅಲ್ಲಿದೆ. ನನ್ನ ವಿದ್ಯಾರ್ಥಿ ಕೇಳಿದ 'ಹೊಸ ವಿಧಾನ' ಇದೇ ಇರಬೇಕು. ಹೀಗೆ ಅಮೆರಿಕದ ನೆಲದ ವಿದ್ಯೆಯೊಂದನ್ನು ಅಮೆರಿಕದವರು ಯೂರೋಪಿನಿಂದ ಆಮದು ಮಾಡಿಕೊಂಡರು!

ಅಷ್ಟರಲ್ಲಿ ಪ್ಲಾಸ್ಟಿಕ್ ಬಂದಾಗಿತ್ತು. ಪಾಲಿಥೀನ್ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ 1933ರಲ್ಲಿ ಆಕಸ್ಮಿಕವಾಗಿ ಹುಟ್ಟಿದ ವಸ್ತು. ನಮ್ಮ ಸಸ್ಯಕ್ಷೇತ್ರಗಳಲ್ಲಿ ಎಲೆಯ ದೊನ್ನೆ, ಬಿದಿರಿನ ಬುಟ್ಟಿ, ಮಣ್ಣಿನ ಕುಂಡಗಳನ್ನು ಅದು ಕೆಲವೇ ದಶಕಗಳಲ್ಲಿ ಓಡಿಸಿತು. ಅಗ್ಗ, ಹಗುರ, ಲಾರಿಯಲ್ಲಿ ಸಾಗಿಸಿದರೂ ಒಡೆಯದು. ಈ ಗುಣಗಳನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ಊರೂರಿಗೆ ಲಕ್ಷಗಟ್ಟಲೆ ಸಸಿ ತಲುಪಿದ್ದು ಆ ಚೀಲದಿಂದಲೇ.

ಆದರೆ ಅದರ ಇನ್ನೊಂದು ಮುಖವನ್ನೂ ನಾವು ಕಂಡಿದ್ದೇವೆ. ಕೆ. ಎಂ. ಮುನ್ಷಿಯವರು 1950ರಲ್ಲಿ ಆರಂಭಿಸಿದ ವನಮಹೋತ್ಸವವನ್ನು ನಮ್ಮ ಶಾಲೆಯಲ್ಲಿ ಪ್ರತಿ ಜುಲೈನಲ್ಲಿ ಆಚರಿಸುತ್ತಿದ್ದುದು ನಿಮಗೆ ನೆನಪಿರಬಹುದು. ಒಂದು ವರ್ಷ ಸಸ್ಯಕ್ಷೇತ್ರವೊಂದರಿಂದ ಬಂದ ಸಸಿಗಳು ಚೀಲದಲ್ಲೇ ಎರಡು ಮಳೆಗಾಲ ಕಳೆದವು. ಅವು ನೋಡಲು ಎತ್ತರವಾಗಿದ್ದವು, ಬಂದ ಅತಿಥಿಗಳೂ ಮೆಚ್ಚಿದರು. ಮೂರನೆಯ ವರ್ಷದ ಗಾಳಿಗೆ ಹೊಂಗೆ, ಸಿಲ್ವರ್ ಓಕ್‌ಗಳು ಒಂದೊಂದಾಗಿ ವಾಲಿದವು. ಕಿತ್ತು ನೋಡಿದರೆ ಬೇರುಗಳು ನೀರು ಹೊರುವ ಹೆಂಗಸರ ತಲೆಯ ಸಿಂಬಿಯಂತೆ ಸುತ್ತಿಕೊಂಡಿದ್ದವು. ಚೀಲ ತೆಗೆದು ಮೂರು ವರ್ಷವಾದರೂ ಬೇರಿಗೆ ಚೀಲದ ಆಕಾರ ಮರೆತಿರಲಿಲ್ಲ. ಗುದ್ದಲಿ ಹಿಡಿದಿದ್ದ ಒಂಬತ್ತನೆಯ ತರಗತಿಯ ಹುಡುಗನೊಬ್ಬ, "ಸಾರ್, ಇದು ನೆಲಕ್ಕೆ ಬಂದೇ ಇಲ್ಲ" ಎಂದ.

ನಯವಾದ ಗೋಡೆಗೆ ತಾಗಿದ ಬೇರು ಅದರ ಗುಂಟ ಸುತ್ತುತ್ತದೆ, ಅದಕ್ಕೆ ಬೇರೆ ದಾರಿಯಿಲ್ಲ. ಮಣ್ಣಿನ ಅಚ್ಚಿನಲ್ಲಿ ಗೋಡೆಯೇ ಇಲ್ಲ. ಬೇರಿನ ತುದಿ ಅಂಚಿಗೆ ಬಂದಾಗ ಅದಕ್ಕೆ ಸಿಗುವುದು ಗಾಳಿ. ಅಲ್ಲಿ ತುದಿ ಒಣಗಿ ನಿಲ್ಲುತ್ತದೆ, ಹಿಂದಿನಿಂದ ಕವಲುಬೇರುಗಳು ಹುಟ್ಟುತ್ತವೆ. ಅಚ್ಚುಗಳ ನಡುವೆ ಸಂದು ಬಿಡಬೇಕೆಂದು ಮೇಲೆ ಹೇಳಿದ್ದು ಇದಕ್ಕಾಗಿ. ಹೊಲಕ್ಕಿಳಿದ ಕೂಡಲೇ ಎಲ್ಲ ಮುಖಗಳಿಂದಲೂ ಕಾದು ಕುಳಿತ ಬೇರುಗಳು ಸುತ್ತಲಿನ ಮಣ್ಣಿಗೆ ನುಗ್ಗುತ್ತವೆ. ಕೆಲವು ವಾರಗಳ ತರಕಾರಿ ಸಸಿಗೆ ಬೇರು ಸುತ್ತಿದರೆ ಸ್ವಲ್ಪ ಇಳುವರಿ ನಷ್ಟವಾದೀತು. ಐವತ್ತು ವರ್ಷ ಬಾಳಬೇಕಾದ ಮರಕ್ಕೆ ಅದು ಪ್ರಾಣದ ಪ್ರಶ್ನೆ. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿದಾಗಲೂ ಸರ್ಕಾರಿ ಬೇಡಿಕೆಯ ಸಸ್ಯಕ್ಷೇತ್ರದ ಚೀಲಗಳಿಗೆ ವಿನಾಯಿತಿ ಕೊಟ್ಟಿತು. ಬೇರೆ ಉಪಾಯ ಕೈಯಲ್ಲಿಲ್ಲದವರು ಇನ್ನೇನು ಮಾಡಿಯಾರು?

ಮನೆಯಲ್ಲಿ ಪ್ರಯತ್ನಿಸುವವರಿಗೆ ಎರಡು ಮಾತು. ನಮ್ಮ ಕೆಂಪುಮಣ್ಣನ್ನು ಮಾತ್ರ ಒತ್ತಿದರೆ ನೀರು ಹಾಕಿದಾಗ ಕುಸಿಯುತ್ತದೆ. ಎರೆಮಣ್ಣು ಒಣಗಿದಾಗ ಬಿರಿಯುತ್ತದೆ. ಕಾಲುವೆಯ ಕೆಸರಿನಲ್ಲಿ ಕೊಳೆತ ಸಸ್ಯಾಂಶ ಸಮೃದ್ಧವಾಗಿದ್ದುದರಿಂದಲೇ ಚಾಪಿನ್ ಹಿಡಿದುಕೊಂಡು ನಿಲ್ಲುತ್ತಿತ್ತು. ಯೂರೋಪಿನವರು ಆ ಕೆಲಸಕ್ಕೆ ಪೀಟನ್ನು ಬಳಸಿದರು. ಅದು ಜೌಗುಭೂಮಿಯಲ್ಲಿ ಸಾವಿರಾರು ವರ್ಷಗಳಲ್ಲಿ ಕೂಡಿದ ಸಂಪತ್ತು, ಅಗೆದಷ್ಟು ಬೇಗ ಮತ್ತೆ ಹುಟ್ಟದು. ನಮಗೆ ಅದರ ಹಂಗಿಲ್ಲ. ತಿಪಟೂರು, ಅರಸೀಕೆರೆಯ ಕಡೆ ತೆಂಗಿನ ನಾರು ತೆಗೆದ ಮೇಲೆ ಉಳಿಯುವ ಪುಡಿ ಇದೆ. ಅದನ್ನು ಚೆನ್ನಾಗಿ ತೊಳೆದು ಉಪ್ಪಿನಂಶ ಕಳೆದು, ಜರಡಿ ಹಿಡಿದ ಎರೆಹುಳು ಗೊಬ್ಬರ ಹಾಗೂ ಸ್ವಲ್ಪ ಮಣ್ಣಿನೊಡನೆ ಕಲಸಬೇಕು. ಹದ ಕಡುಬಿನ ಹಿಟ್ಟಿನಂತಿರಲಿ. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿನಿಂದ ನೀರು ತೊಟ್ಟಿಕ್ಕಬೇಕು. ನಾನು ಎರಡೂ ಕಡೆ ಕತ್ತರಿಸಿದ ಚೌಕದ ತಗಡಿನ ಡಬ್ಬಿಯನ್ನೂ ಅದರೊಳಗೆ ಇಳಿಯುವ ಮರದ ತುಂಡನ್ನೂ ಬಳಸುತ್ತೇನೆ. ನೀರನ್ನು ಮೇಲಿನಿಂದ ಸುರಿಯಬಾರದು, ತಟ್ಟೆಗೆ ಹಾಕಿ ಅಚ್ಚು ತಾನೇ ಹೀರಿಕೊಳ್ಳಲು ಬಿಡಬೇಕು. ಇದರಲ್ಲಿ ಶ್ರಮವಿದೆ, ತೂಕವಿದೆ. ಬೇಸಗೆಯಲ್ಲಿ ದಿನಕ್ಕೆ ಎರಡು ಬಾರಿ ನೋಡಿಕೊಳ್ಳಬೇಕು. ತೊಂಬತ್ತೆಂಟು ಗುಳಿಯ ಪ್ಲಾಸ್ಟಿಕ್ ತಟ್ಟೆಯಷ್ಟು ಸುಲಭವೆಂದು ಹೇಳಿ ನಿಮ್ಮನ್ನು ವಂಚಿಸಲಾರೆ. ಬದನೆ, ಟೊಮೆಟೊ, ಚೆಂಡುಹೂವು ಚೆನ್ನಾಗಿ ಬರುತ್ತವೆ.

ಇನ್ನು ಸೊಚಿಮಿಲ್ಕೊದ ಕಡೆ ಒಮ್ಮೆ ತಿರುಗಿ ನೋಡೋಣ. 1987ರಲ್ಲಿ ಯುನೆಸ್ಕೊ ಅದನ್ನು ಮೆಕ್ಸಿಕೋ ನಗರದ ಹಳೆಯ ಭಾಗದೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ನಾನು ಹೈಸ್ಕೂಲಿನಲ್ಲಿ ಹಂಪೆಯ ಬಗ್ಗೆ ಪಾಠ ಹೇಳುತ್ತಿದ್ದೆ. ಅದಕ್ಕೆ ಹಿಂದಿನ ವರ್ಷ, ಅಂದರೆ 1986ರಲ್ಲಿ, ಹಂಪೆ ಅದೇ ಪಟ್ಟಿ ಸೇರಿತ್ತು. ಕಲ್ಲನ್ನು ಕಾಯುವುದು ಸುಲಭ, ಕೆಸರಿನ ವಿದ್ಯೆಯನ್ನು ಕಾಯುವುದು ಕಷ್ಟ. ಒರತೆ ಬತ್ತಿದ ಮೇಲೆ ಆ ಕಾಲುವೆಗಳಿಗೆ ಬರುತ್ತಿರುವುದು ನಗರದ ಕೊಳಚೆಯನ್ನು ಸಂಸ್ಕರಿಸಿದ ನೀರು. ಹಲವಾರು ಚಿನಾಂಪಾಗಳು ಪಾಳು ಬಿದ್ದಿವೆ. ಕೆಲವು ಫುಟ್ಬಾಲ್ ಮೈದಾನಗಳಾಗಿವೆ, ಕೆಲವುಗಳ ಮೇಲೆ ಪ್ಲಾಸ್ಟಿಕ್ ಹಸಿರುಮನೆಗಳು ಎದ್ದಿವೆ. ನವೆಂಬರ್ ಆರಂಭದ ಪಿತೃಗಳ ಹಬ್ಬಕ್ಕೆಂದು ಬೆಳೆಯುವ ಸೆಂಪಾಸೂಚಿಲ್, ಅಂದರೆ ನಮ್ಮ ಚೆಂಡುಹೂವೇ, ಪ್ಲಾಸ್ಟಿಕ್ ಕುಂಡಗಳಲ್ಲಿ ಮಾರುಕಟ್ಟೆಗೆ ಹೋಗುತ್ತದೆ.

ಕೆಸರು ಕೆಟ್ಟರೆ ಚಾಪಿನ್ ಇಲ್ಲ. ಆ ಕೆಸರಿನ ಆರೋಗ್ಯವನ್ನು ಅಳೆಯುವ ಜೀವಿಯೊಂದು ಅಲ್ಲೇ ಇದೆ. ಜೀವನವಿಡೀ ಕಿವಿರುಗಳನ್ನು ಹೊತ್ತು ನೀರಿನಲ್ಲೇ ಬಾಳುವ ಆಕ್ಸೊಲಾಟ್ಲ್ ಎಂಬ ಉಭಯವಾಸಿ ಪ್ರಾಣಿ. 1998ರ ಗಣತಿಯಲ್ಲಿ ಅದು ಚದರ ಕಿಲೋಮೀಟರಿಗೆ ಸುಮಾರು 6,000 ಇತ್ತು, 2014ರಲ್ಲಿ 36 ಮಾತ್ರ. ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯದ ಲೂಯಿಸ್ ಸಂಬ್ರಾನೊ ಮತ್ತು ಅವರ ಸಂಗಡಿಗರು ಕೆಲವು ರೈತರನ್ನು ಕೂಡಿಕೊಂಡು, ಸಣ್ಣ ಕಾಲುವೆಗಳ ಬಾಯಿಗೆ ಸಸ್ಯಗಳ ಸೋಸುಗಟ್ಟೆ ಕಟ್ಟಿ, ಒಳಗಿನ ನೀರನ್ನು ಶುದ್ಧವಾಗಿಡುತ್ತಿದ್ದಾರೆ. ಅದರಲ್ಲಿ ಸೇರುವ ರೈತರು ರಾಸಾಯನಿಕಗಳನ್ನು ಬಿಟ್ಟು ಹಳೆಯ ರೀತಿಯಲ್ಲೇ ಬೇಸಾಯ ಮಾಡುತ್ತಾರೆ. ದೋಣಿಯಿಂದ ಕೆಸರು ಮೊಗೆದು, ಪಾತಿಗೆ ಸುರಿದು, ಹದ ನೋಡಿ ಚೌಕವಾಗಿ ಕೊಯ್ಯುವ ಕುಟುಂಬಗಳು ಅಲ್ಲಿ ಇಂದಿಗೂ ಇವೆ.